ದೇವರ ಪ್ರೀತಿ ನೆರೆಮನೆಯನ್ನು ಮುಟ್ಟುವ ಬಗೆ: ಗಡಿನಾಡಿನ ಕ್ರೈಸ್ತ ಕುಟುಂಬಗಳಿಗೊಂದು ಸಮಗ್ರ ಮಾರ್ಗದರ್ಶಿ

ಪ್ರೀತಿಯ ಕುರಿತು ಪ್ರಸಂಗ ಕೇಳದ ಕ್ರೈಸ್ತರು ನಮ್ಮಲ್ಲಿ ಇಲ್ಲ. ಕೇರಳದ ಗಡಿನಾಡು ಕಾಸರಗೋಡಿನ ಮಂಜೇಶ್ವರದಲ್ಲಿ, ವರ್ಕಾಡಿಯಲ್ಲಿ, ಕಯ್ಯಾರಿನಲ್ಲಿ, ಬೇಳದಲ್ಲಿ ಭಾನುವಾರದ ಪೂಜೆ ಮುಗಿಸಿ ಹೊರಬಂದವರನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ‘ಇವತ್ತು ಪ್ರೀತಿಯ ಮೇಲೆ ಪ್ರಸಂಗ’ ಎನ್ನುತ್ತಾರೆ. ಸೋಮವಾರ ಬೆಳಿಗ್ಗೆ ಆ ಪ್ರೀತಿಯನ್ನು ಯಾವ ಗೇಟಿನೊಳಗೆ, ಎಷ್ಟು ಗಂಟೆಗೆ, ಏನು ಹಿಡಿದುಕೊಂಡು ತಲುಪಿಸಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಈ ಬರಹ ಅದಕ್ಕಾಗಿ. ದೇವಶಾಸ್ತ್ರ ಇಲ್ಲಿ ಕಡಿಮೆ, ಕೈಕೆಲಸ ಹೆಚ್ಚು.

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಕಡೆಯ ತೀರ್ಪಿನ ದಿನ ಕೇಳುವ ಲೆಕ್ಕದಲ್ಲಿ ಆರು ಕೆಲಸಗಳಿವೆ: ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಪರದೇಶಿಗೆ ಆಸರೆ, ಬಟ್ಟೆಯಿಲ್ಲದವರಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿರುವವರ ಭೇಟಿ. ಅನಾಥ ಹೆಣಗಳನ್ನು ಹೂಳುತ್ತಿದ್ದ ತೋಬಿತನ ಕಥೆಯನ್ನು ನೆನೆದು ಸಭೆ ಏಳನೆಯದಾಗಿ ಸತ್ತವರನ್ನು ಹೂಳುವುದನ್ನು ಸೇರಿಸಿತು. ಈ ಅಧ್ಯಾಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ನೀತಿವಂತರ ಉತ್ತರ. ‘ಯಾವಾಗ ಮಾಡಿದೆವು ಸ್ವಾಮಿ?’ ಎಂದು ಅವರು ತಬ್ಬಿಬ್ಬಾಗುತ್ತಾರೆ. ತಾವು ಉಪಕಾರ ಮಾಡಿದ್ದೇವೆಂಬ ನೆನಪೇ ಅವರಿಗಿಲ್ಲ. ಕೊಟ್ಟವನಿಗೆ ನೆನಪಿಲ್ಲದಿದ್ದರೆ ಪಡೆದವನು ಅವನ ಮುಂದೆ ತಲೆ ತಗ್ಗಿಸಬೇಕಾದ ಪ್ರಮೇಯ ಬರುವುದಿಲ್ಲ. ಕೆಳಗಿನ ಹೆಜ್ಜೆಗಳೆಲ್ಲ ಈ ಒಂದೇ ವಿಚಾರದ ಮೇಲೆ ನಿಂತಿವೆ: ಪಡೆಯುವವರ ತಲೆ ತಗ್ಗದಂತೆ ಕೊಡುವುದು ಹೇಗೆ?

ಮೊದಲ ಹೆಜ್ಜೆ: ನೆರೆಕರೆಯ ನಕ್ಷೆ ಬರೆಯಿರಿ

ಹಳೆಯ ನೋಟ್‌ಪುಸ್ತಕದ ಒಂದು ಹಾಳೆ ಸಾಕು. ನಡುವೆ ನಿಮ್ಮ ಮನೆ. ಸುತ್ತಲೂ ಹತ್ತು ನಿಮಿಷ ನಡೆದರೆ ಸಿಗುವ ಎಲ್ಲ ಮನೆಗಳನ್ನು ಗುರುತು ಹಾಕಿ. ಕ್ರೈಸ್ತರ ಮನೆ ಮಾತ್ರವಲ್ಲ, ಬ್ಯಾರಿಗಳ ಮನೆ, ಹವ್ಯಕರ ಮನೆ, ಬಂಟರ ಮನೆ, ಕಾಲನಿಯ ಮನೆಗಳು, ಒಡಿಶಾದಿಂದಲೋ ಬಂಗಾಳದಿಂದಲೋ ಬಂದ ಕಾರ್ಮಿಕರ ಬಾಡಿಗೆ ಕೋಣೆ, ಎಲ್ಲವೂ ಬರಲಿ. ಪ್ರತಿ ಮನೆಯ ಪಕ್ಕದಲ್ಲಿ ನಿಮಗೆ ಗೊತ್ತಿರುವುದನ್ನು ಬರೆಯಿರಿ: ಯಾರಿದ್ದಾರೆ, ಯಾರಿಗೆ ಕಾಯಿಲೆ, ಯಾರು ಒಬ್ಬರೇ ಇದ್ದಾರೆ, ದುಡಿಯುವ ಕೈ ಎಷ್ಟು.

ಏನೂ ಬರೆಯಲಾಗದೆ ಖಾಲಿ ಉಳಿದ ಮನೆಗಳಿಂದಲೇ ಕೆಲಸ ಆರಂಭವಾಗುತ್ತದೆ. ನಮ್ಮ ಕಡೆ ಮನೆಗಳು ಒತ್ತೊತ್ತಾಗಿ ಇಲ್ಲ. ಒಂದು ಗುಡ್ಡದ ಬದಿಯಲ್ಲಿ, ಇನ್ನೊಂದು ತೋಟದ ಕೆಳಗೆ, ನಡುವೆ ತೋಡು. ಹೀಗಾಗಿ ಒಲೆ ಉರಿಯದ ಮನೆ ರಸ್ತೆಗೆ ಕಾಣುವುದಿಲ್ಲ. ಆಶಾ ಕಾರ್ಯಕರ್ತೆ, ಕುಟುಂಬಶ್ರೀ ಎಂಬ ಸ್ವಸಹಾಯ ಘಟಕದ ಹೆಂಗಸರು, ಪಡಿತರ ಅಂಗಡಿಯವರು, ಅಂಗನವಾಡಿ ಟೀಚರ್: ಇವರಿಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ. ಗುಟ್ಟು ಕೆದಕುವಂತೆ ಪ್ರಶ್ನಿಸಬೇಡಿ. ‘ನಮ್ಮಿಂದ ಆಗುವುದು ಏನಾದರೂ ಇದ್ದರೆ ಹೇಳಿ’ ಎಂದಷ್ಟೇ ಹೇಳಿ ಬನ್ನಿ.

ಈ ಹಾಳೆ ಮನೆಯ ಕಪಾಟಿನಲ್ಲಿರಲಿ. ಅದರ ಫೋಟೊ ವಾಟ್ಸಾಪ್ ಗುಂಪಿಗೆ ಹೋದ ದಿನ ನೀವು ಹತ್ತು ಮನೆಗಳ ವಿಶ್ವಾಸ ಕಳೆದುಕೊಳ್ಳುತ್ತೀರಿ.

ಎರಡನೆಯ ಹೆಜ್ಜೆ: ದಾನಕ್ಕೆ ಮೊದಲು ಬಾಕಿ ತೀರಿಸಿ

ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅಡಿಕೆ ಕೊಯ್ದವನ ಕೂಲಿ ಎರಡು ವಾರ ಬಾಕಿ ಇಟ್ಟು ಕ್ರಿಸ್ಮಸ್‌ಗೆ ಅವನ ಮನೆಗೆ ಕೇಕ್ ಕಳುಹಿಸಿದರೆ ಅದು ಪ್ರೀತಿಯೂ ಅಲ್ಲ, ಲೆಕ್ಕವೂ ಅಲ್ಲ. ಕೂಲಿಯಾಳಿನ ಕೂಲಿ ಬೆಳಗಿನ ತನಕ ನಿಮ್ಮಲ್ಲಿ ಉಳಿಯಬಾರದು ಎಂದು ಯಾಜಕಕಾಂಡದ 19ನೆಯ ಅಧ್ಯಾಯ ಹೇಳುತ್ತದೆ. ತಡೆಹಿಡಿದ ಕೂಲಿಯೇ ಕೂಗುತ್ತದೆ ಎಂದು ಯಾಕೋಬನ ಪತ್ರಿಕೆ ಎಚ್ಚರಿಸುತ್ತದೆ.

ಆದ್ದರಿಂದ ಒಂದು ಸಂಜೆ ಕುಳಿತು ಪಟ್ಟಿ ಮಾಡಿ. ಮನೆಗೆಲಸಕ್ಕೆ ಬರುವವರು, ಮರ ಹತ್ತುವವರು, ರಬ್ಬರ್ ಟ್ಯಾಪಿಂಗ್ ಮಾಡುವವರು, ಮೀನು ತಂದುಕೊಡುವ ಅಕ್ಕ, ಅಂಗಡಿಯ ಕಡ. ಯಾರಿಗೆ ಎಷ್ಟು ಕೊಡಲಿದೆ? ಊರಿನಲ್ಲಿ ನಡೆಯುವ ಮಜೂರಿಗಿಂತ ಕಡಿಮೆ ಕೊಡುತ್ತಿದ್ದೀರಾ? ವಲಸೆ ಕಾರ್ಮಿಕನಿಗೆ ಭಾಷೆ ಬಾರದೆಂದು ನೂರು ರೂಪಾಯಿ ಉಳಿಸುತ್ತಿದ್ದೀರಾ? ಅಡಿಕೆ ಮರದಿಂದ ಬಿದ್ದವರ ಕಥೆ ನಮ್ಮಲ್ಲಿ ಪ್ರತಿ ಊರಿಗೂ ಒಂದಿದೆ. ಮರ ಹತ್ತುವವರಿಗೆ ಅಪಘಾತ ವಿಮೆ ಇದೆಯೇ ಎಂದು ವಿಚಾರಿಸಿ, ಇಲ್ಲದಿದ್ದರೆ ವರ್ಷದ ಕಂತು ಕಟ್ಟಿ. ಸುವಾರ್ತೆಯ ಸುಂಕದವ ಜಕ್ಕಾಯನೂ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುತ್ತೇನೆಂದು ಹೇಳಿ ಅಲ್ಲಿಗೇ ನಿಲ್ಲಿಸಲಿಲ್ಲ, ವಂಚಿಸಿದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ.

ಮೂರನೆಯ ಹೆಜ್ಜೆ: ಪಾಲನ್ನು ಮೊದಲೇ ಎತ್ತಿಡಿ

ತಿಂಗಳ ಕೊನೆಗೆ ಉಳಿದರೆ ಕೊಡುತ್ತೇನೆ ಎನ್ನುವವರಿಗೆ ಯಾವ ತಿಂಗಳೂ ಉಳಿಯುವುದಿಲ್ಲ. ಪೌಲನು ಕೊರಿಂಥದವರಿಗೆ ವಾರದ ಮೊದಲ ದಿನವೇ ಸಂಪಾದನೆಗೆ ತಕ್ಕಂತೆ ಪ್ರತಿಯೊಬ್ಬನೂ ತೆಗೆದಿಡಲಿ ಎಂದು ಬರೆದ. ಈ ಉಪದೇಶದಲ್ಲಿ ಭಕ್ತಿಯ ಜತೆಗೆ ಒಳ್ಳೆಯ ಗೃಹಕೃತ್ಯವೂ ಇದೆ.

ಸಂಬಳದವರಿಗೆ ಸುಲಭ: ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ. ಅಡಿಕೆ ಬೆಳೆಗಾರರ ಮನೆಯಲ್ಲಿ ಹಣ ತಿಂಗಳಿಗೊಮ್ಮೆ ಬರುವುದಿಲ್ಲ, ಅಡಿಕೆ ಮಾರಿದ ದಿನ ಬರುತ್ತದೆ. ಕೊಳೆರೋಗ ಬಂದ ವರ್ಷ ಬರುವುದೇ ಇಲ್ಲ. ಅವರು ಮಾರಿದ ದಿನವೇ, ಬದಿಯಡ್ಕದ ಪೇಟೆಯಿಂದ ಮನೆಗೆ ಬರುವ ಮೊದಲೇ ಪಾಲು ತೆಗೆಯಬೇಕು. ಗಲ್ಫ್‌ನಿಂದ ಮಗ ಹಣ ಕಳುಹಿಸುವ ಮನೆಯಾದರೆ ಎಷ್ಟು ತೆಗೆಯಬೇಕೆಂಬುದನ್ನು ಅವನನ್ನೂ ಕೇಳಿ ತೀರ್ಮಾನಿಸಿ, ಬೆವರು ಅವನದು.

ಎಷ್ಟು? ಆದಾಯದ ಹತ್ತರಲ್ಲೊಂದು ಪಾಲು ಕೊಡುವ ದಶಮಾಂಶದ ಮಾತು ಕೇಳಿಯೇ ಹೆದರಿ ಏನೂ ಕೊಡದೆ ಕುಳಿತವರನ್ನು ಬಹಳ ನೋಡಿದ್ದೇನೆ. ನೂರಕ್ಕೆ ಎರಡರಿಂದ ಆರಂಭಿಸಿ, ಆದರೆ ತಪ್ಪಿಸಬೇಡಿ. ಸಾಲದ ಕಂತು ಕಟ್ಟಲಾಗದೆ ಒದ್ದಾಡುತ್ತಿರುವ ಮನೆಯವರು ಹಣ ಕೊಡಲೇಬೇಕೆಂದು ಸುವಾರ್ತೆಯಲ್ಲಿ ಎಲ್ಲಿಯೂ ಬರೆದಿಲ್ಲ. ಅವರು ಸಮಯ ಕೊಡಲಿ.

ದಿನಗೂಲಿಯ ಮನೆಗೆ ಹಿಡಿ ಅಕ್ಕಿಯ ಕ್ರಮ ಹೊಂದುತ್ತದೆ. ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕುವುದು. ಮಿಜೋರಾಂನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು 1910ರ ಹೊತ್ತಿಗೆ ‘ಬುಹ್ಫಾಯ್ ಥಾಮ್’ ಎಂಬ ಹೆಸರಿನಲ್ಲಿ ಇದನ್ನೇ ಆರಂಭಿಸಿದರು. ಅಡಿಗೆಮನೆಯ ಆ ಹಿಡಿ ಅಕ್ಕಿಯೇ ಮುಂದೆ ಅವರ ಸಭೆಯ ಆದಾಯದ ದೊಡ್ಡ ಮೂಲವಾಯಿತು. ನಮ್ಮಲ್ಲಿ ಹತ್ತು ಮನೆಗಳು ಸೇರಿ ಮಾಡಿದರೆ ಒಂದು ಬಡ ಮನೆಯ ತಿಂಗಳ ಅಕ್ಕಿ ಹೊರಡುತ್ತದೆ. ಒಂದೇ ಷರತ್ತು: ನೀವು ಉಣ್ಣುವ ಅಕ್ಕಿಯೇ ಆಗಿರಬೇಕು. ಮನೆಯಲ್ಲಿ ಒಳ್ಳೆಯ ಕುಚ್ಚಲಕ್ಕಿ ಬೇಯಿಸಿ, ಹುಳ ಬಿದ್ದ ಪಡಿತರ ಅಕ್ಕಿಯನ್ನು ಡಬ್ಬಿಗೆ ಹಾಕುವವರಿಗೆ ಪ್ರವಾದಿ ಮಲಾಕಿಯ ಮೊದಲ ಅಧ್ಯಾಯವನ್ನು ಓದಲು ಹೇಳಿ. ಕುಂಟು, ಕುರುಡು ಪ್ರಾಣಿಗಳನ್ನು ಬಲಿಗೆ ತಂದವರಿಗೆ ‘ಇದನ್ನು ನಿಮ್ಮ ಅಧಿಪತಿಗೆ ಕೊಟ್ಟು ನೋಡಿ, ಮೆಚ್ಚಿಯಾನೇ?’ ಎಂದು ಅವನು ಕೆಣಕುತ್ತಾನೆ. ಹಳೆಯ ಬಟ್ಟೆಗೂ ಇದೇ ಮಾತು. ಒಗೆದು, ಗುಂಡಿ ಹೊಲಿದು, ಇಸ್ತ್ರಿ ಹಾಕಿ ಕೊಡಿ. ಹರಿದದ್ದು ನೆಲ ಒರೆಸಲಿಕ್ಕೆ.

ನಾಲ್ಕನೆಯ ಹೆಜ್ಜೆ: ಹಣ್ಣು, ತರಕಾರಿ, ನೀರು

ಹೊಲ ಕೊಯ್ಯುವಾಗ ಅಂಚಿನ ತೆನೆ ಬಿಡಬೇಕು, ದ್ರಾಕ್ಷಿತೋಟದಲ್ಲಿ ಉದುರಿದ್ದನ್ನು ಹೆಕ್ಕಬಾರದು, ಅದು ಬಡವರದ್ದು ಮತ್ತು ಪರದೇಶಿಯದ್ದು ಎಂಬ ಕಟ್ಟಳೆ ಯಾಜಕಕಾಂಡದಲ್ಲಿದೆ. ಬೋವಜನ ಹೊಲದಲ್ಲಿ ಪರದೇಶಿ ವಿಧವೆ ರೂತಳು ತೆನೆ ಆಯ್ದದ್ದು ಈ ಹಕ್ಕಿನಿಂದಲೇ. ಬೋವಜ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಿವುಡುಗಳಿಂದಲೂ ಬೇಕೆಂದೇ ಕೆಲವು ತೆನೆಗಳನ್ನು ಬೀಳಿಸಿರೆಂದು ಆಳುಗಳಿಗೆ ಹೇಳಿದ. ರೂತಳು ಕೈಚಾಚಿ ಬೇಡುವುದು ತಪ್ಪಿತು, ದುಡಿದು ಹೆಕ್ಕಿದಳು.

ಗದ್ದೆಗಳು ತೋಟಗಳಾಗಿರುವ ನಮ್ಮ ಊರಿನಲ್ಲಿ ಇದನ್ನು ಹಿತ್ತಿಲಿಗೆ ಅನ್ವಯಿಸಬಹುದು. ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಘೋಷಣೆಯ ನಂತರವೂ ಜೂನ್ ತಿಂಗಳಲ್ಲಿ ನಮ್ಮ ಗುಡ್ಡಗಳಲ್ಲಿ ಹಲಸು ಬಿದ್ದು ಕೊಳೆಯುತ್ತಲೇ ಇದೆ. ಒಂದು ಹಲಸಿನ ಮರ, ಒಂದು ದೀಗುಜ್ಜೆ ಮರ, ಬೇಲಿಯ ಬಸಳೆ ಚಪ್ಪರ: ಇವುಗಳಲ್ಲಿ ಯಾವುದನ್ನು ಯಾರು ಕೇಳದೆ ಕೊಯ್ಯಬಹುದು ಎಂದು ಮುಂಚಿತವಾಗಿ ಹೇಳಿಬಿಡಿ. ‘ಆ ಮರದ್ದು ನಿಮಗೆ, ಬೇಕಾದಾಗ ಕೊಯ್ಯಿರಿ’ ಎಂಬ ಒಂದು ಮಾತಿನಿಂದ ಪ್ರತಿಸಲ ಬಾಗಿಲು ತಟ್ಟುವ ಸಂಕೋಚ ಕಳೆಯುತ್ತದೆ.

ಪಡೆಯುವವರ ಕೈಯ ಶಕ್ತಿಯನ್ನೂ ನೋಡಿ. ಎಪ್ಪತ್ತೈದು ದಾಟಿದ, ಒಬ್ಬರೇ ಇರುವ ಅಜ್ಜಿಯ ಜಗಲಿಯಲ್ಲಿ ಹತ್ತು ಕಿಲೋದ ಹಲಸಿನಕಾಯಿ ಇಟ್ಟು ಬಂದರೆ ಆಕೆ ಅದನ್ನು ಕತ್ತರಿಸುವುದು ಹೇಗೆ, ಮೇಣ ತೆಗೆಯುವುದು ಹೇಗೆ? ಸೊಳೆ ಬಿಡಿಸಿ ಪಾತ್ರೆಯಲ್ಲಿ ಕೊಡಿ. ಸಕ್ಕರೆ ಕಾಯಿಲೆ ಇದ್ದರೆ ಹಣ್ಣು ಬೇಡ, ಪಲ್ಯಕ್ಕೆ ಆಗುವ ಎಳೆಯದು ಸಾಕು. ಬಾಳಂತಿಯ ಮನೆಗೆ ಏನು ಕಳುಹಿಸಬೇಕೆಂದು ಆ ಮನೆಯ ಹಿರಿಯರನ್ನು ಕೇಳಿ. ಅವರ ಪಥ್ಯ ಅವರಿಗೆ ಗೊತ್ತು.

ಇನ್ನು ನೀರು. ಜಂಬಿಟ್ಟಿಗೆಯ ಗುಡ್ಡವನ್ನು ಅಡ್ಡಕ್ಕೆ ಕೊರೆದು ತೆಗೆದ ಸುರಂಗಗಳಿಂದ ನೀರು ತರುವ ವಿದ್ಯೆ ಕಾಸರಗೋಡಿನ ಹೆಮ್ಮೆ. ಆದರೆ ಎಲ್ಲರ ಗುಡ್ಡದಲ್ಲಿಯೂ ಒಸರು ಇರುವುದಿಲ್ಲ. ಮಾರ್ಚ್ ಕಳೆದ ಮೇಲೆ ಒಂದು ಮನೆಯ ಟಾಂಕಿ ತುಂಬಿ ಹರಿಯುವಾಗ ಎರಡು ಮನೆ ಆಚೆಯ ಹೆಂಗಸು ತಲೆಯ ಮೇಲೆ ಕೊಡ ಹೊತ್ತು ಗುಡ್ಡ ಹತ್ತುತ್ತಿರುತ್ತಾಳೆ. ಒಂದು ಲೋಟ ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪದು ಎಂದು ಯೇಸು ಹೇಳಿದ್ದನ್ನು ಈ ಸೆಕೆಯಲ್ಲಿ ನಿಂತು ಓದಬೇಕು.

ಮಾಡಬೇಕಾದದ್ದು ಇಷ್ಟು. ಟಾಂಕಿಯಿಂದ ಪೈಪು ಎಳೆದು ನಿಮ್ಮ ಜಾಗದ ಗಡಿಯಲ್ಲಿ, ಬೇಲಿಯ ಹೊರಗೆ ಒಂದು ನಲ್ಲಿ ಹಾಕಿಸಿ. ಅಂಗಳದಲ್ಲಿ ಹಾಕಿದರೆ ನೀರಿಗೆ ಬಂದವರು ನಾಯಿಗೆ ಹೆದರಬೇಕು, ಮನೆಯವರ ಮುಖ ನೋಡಬೇಕು, ‘ಸ್ವಲ್ಪ ನೀರು ತೆಗೆದುಕೊಳ್ಳಲೇ’ ಎಂದು ದಿನವೂ ಕೇಳಬೇಕು. ಹೊರಗೆ ಹಾಕಿದರೆ ಈ ಯಾವುದೂ ಇಲ್ಲ. ಒಸರು ಕಡಿಮೆಯಾದಾಗ ಸಮಯ ನಿಗದಿ ಮಾಡಿ ತಿಳಿಸಿ: ಬೆಳಿಗ್ಗೆ ಆರರಿಂದ ಏಳು, ಸಂಜೆ ಐದರಿಂದ ಆರು. ತೋಟಕ್ಕೆ ಬಿಡುವ ನೀರನ್ನು ಆ ವಾರ ಅಷ್ಟು ಕಡಿಮೆ ಮಾಡಿ. ಕುಡಿಯಲು ಕುದಿಸಿ ಬಳಸುವಂತೆ ಹೇಳುವುದನ್ನು ಮರೆಯಬೇಡಿ.

ಐದನೆಯ ಹೆಜ್ಜೆ: ರೋಗಿಯ ಮನೆ

ನಮ್ಮ ಜಿಲ್ಲೆಯಲ್ಲಿ ಈ ಹೆಜ್ಜೆಗೆ ಬೇರೆಯೇ ಭಾರವಿದೆ. 1970ರ ದಶಕದ ಕೊನೆಯಿಂದ 2000ದವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆ, ಸ್ವರ್ಗ, ವಾಣಿನಗರದ ಕಡೆಯಲ್ಲಿ, ಮುಳಿಯಾರಿನ ಬೋವಿಕಾನದ ಸುತ್ತಮುತ್ತ ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳು ಬೆಳೆದು ದೊಡ್ಡವರಾದರು. ಸುಪ್ರೀಂ ಕೋರ್ಟ್ 2011ರಲ್ಲಿ ಆ ವಿಷವನ್ನು ದೇಶದಲ್ಲಿ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. ಹಣ ಕೈಸೇರಿದ ಮನೆಗಳಲ್ಲಿಯೂ ಮಗುವನ್ನು ಎತ್ತುವ, ತೊಳೆಯುವ, ಉಣಿಸುವ ಕೈ ತಾಯಿಯದ್ದೇ. ಮಗನಿಗೆ ಮೂವತ್ತಾಯಿತು, ತಾಯಿಗೆ ಅರುವತ್ತು.

ಇಂಥ ಮನೆಗೆ ಹಣ್ಣಿನ ಚೀಲ ಹಿಡಿದು ಹೋಗಿ ಕಣ್ಣೀರಿಟ್ಟು ಬರುವವರಿಗೆ ಕೊರತೆಯಿಲ್ಲ. ಆ ತಾಯಿಗೆ ವಾರಕ್ಕೆ ಮೂರು ಗಂಟೆ ಬಿಡುವು ಬೇಕು. ಅದನ್ನು ಕೊಡುವ ಕ್ರಮ ಹೀಗೆ:

ಮೊದಲ ಕೆಲವು ಸಲ ಸುಮ್ಮನೆ ಹೋಗಿ ಕುಳಿತುಕೊಳ್ಳಿ. ಮಗುವಿಗೆ ನಿಮ್ಮ ಧ್ವನಿ, ವಾಸನೆ ಅಭ್ಯಾಸವಾಗಬೇಕು. ತಾಯಿ ಉಣಿಸುವುದನ್ನು ಗಮನಿಸಿ: ತಲೆ ಎಷ್ಟು ಎತ್ತರಿಸುತ್ತಾರೆ, ಗಂಜಿ ಎಷ್ಟು ತೆಳು, ಒಂದು ತುತ್ತು ಇಳಿಯುವವರೆಗೆ ಎಷ್ಟು ಕಾಯುತ್ತಾರೆ. ಮಲಗಿಸಿ ಉಣಿಸಿದರೆ ಅನ್ನ ಶ್ವಾಸಕ್ಕೆ ಹೋಗುವ ಅಪಾಯವಿದೆ. ಅಪಸ್ಮಾರ ಬಂದರೆ ಏನು ಮಾಡಬೇಕೆಂದು ಆ ಮಗುವಿನ ವೈದ್ಯರ ಸೂಚನೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಮಗ್ಗುಲಿಗೆ ತಿರುಗಿಸಬೇಕು, ಬಾಯಿಗೆ ಚಮಚವಾಗಲಿ ನೀರಾಗಲಿ ಹಾಕಬಾರದು, ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಆಗುವುದಿಲ್ಲ, ಗಡಿಯಾರ ನೋಡಬೇಕು, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಹೊರಡಬೇಕು. ಇಷ್ಟು ಕಲಿತ ಮೇಲೆ ದಿನ ನಿಗದಿ ಮಾಡಿ. ಬುಧವಾರ ಹತ್ತರಿಂದ ಒಂದು ಎಂದರೆ ಮಳೆ ಬಂದರೂ ಬುಧವಾರವೇ. ಇಬ್ಬರು ಜತೆಯಾಗಿ ಹೋಗಿ. ಮಗುವಿನ ಜತೆ ಒಬ್ಬರೇ ಉಳಿಯುವ ಕ್ರಮ ಬೇಡ. ಆ ಮೂರು ಗಂಟೆಯಲ್ಲಿ ತಾಯಿ ಬ್ಯಾಂಕಿಗೆ ಹೋದರೋ, ತವರಿಗೆ ಹೋದರೋ, ಒಳಕೋಣೆಯಲ್ಲಿ ನಿದ್ದೆ ಮಾಡಿದರೋ ಅದು ನಿಮಗೆ ಸಂಬಂಧಿಸಿದ್ದಲ್ಲ.

ಬುದ್ಧಿಮಾಂದ್ಯ ಮಕ್ಕಳಿಗಾಗಿ ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳಲ್ಲಿಯೂ ನೆರವಿನ ಕೈಗಳಿಗೆ ಕೆಲಸವಿದೆ. ಮೊದಲು ಅಲ್ಲಿಯ ಶಿಕ್ಷಕಿಯರನ್ನು ಕಂಡು, ಅವರು ಹೇಳಿದ್ದನ್ನು ಮಾಡಿ. ಹುಟ್ಟುಹಬ್ಬದ ಕೇಕ್ ಕತ್ತರಿಸಿ ಫೋಟೊ ತೆಗೆಯಲು ಹೋಗುವವರ ಸಾಲಿಗೆ ಸೇರಬೇಡಿ.

ಹಾಸಿಗೆ ಹಿಡಿದ ಇತರರಿಗಾಗಿ ಕೇರಳದಲ್ಲಿ ಒಳ್ಳೆಯ ವ್ಯವಸ್ಥೆಯೊಂದಿದೆ. 2008ರಲ್ಲಿಯೇ ರಾಜ್ಯವು ನೋವು ಇಳಿಸುವ ಸಾಂತ್ವನ (ಪ್ಯಾಲಿಯೇಟಿವ್) ಚಿಕಿತ್ಸೆಗೆ ನೀತಿ ರೂಪಿಸಿತು. ಅದರಂತೆ ಪಂಚಾಯತಿನ ಪ್ಯಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ. ಕ್ಯಾನ್ಸರಿನ ನೋವಿನಲ್ಲಿ ನರಳುತ್ತಿರುವ ನೆರೆಯವರ ಹೆಸರು ಆ ಪಟ್ಟಿಯಲ್ಲಿ ಇಲ್ಲದಿದ್ದರೆ, ಆರೋಗ್ಯ ಕೇಂದ್ರಕ್ಕೆ ಹೋಗಿ ಸೇರಿಸುವುದೇ ನೀವು ಮಾಡಬಹುದಾದ ಅತ್ಯಂತ ದೊಡ್ಡ ಉಪಕಾರ. ನೋವು ಇಳಿಯದೆ ಜಪಮಾಲೆ ಹೇಳಲು ಯಾರಿಂದಲೂ ಆಗುವುದಿಲ್ಲ.

ಮಂಗಳೂರಿಗೆ ಜತೆ ಹೋಗುವುದು ಇನ್ನೊಂದು ದೊಡ್ಡ ಕೆಲಸ. ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್. ದೂರ ಹೆಚ್ಚಲ್ಲ, ಆದರೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಒಬ್ಬರೇ ಹೋಗಿ ಬರುವವರಿಗೆ ಅದು ಸಮುದ್ರ. ಕೊರೊನಾದ 2020ರ ಮಾರ್ಚ್‌ನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಕರ್ನಾಟಕದ ಗಡಿಯ ತಲಪಾಡಿಯನ್ನು ಮುಚ್ಚಿದಾಗ ಆ ಆಸ್ಪತ್ರೆಗಳನ್ನು ನಾವು ಎಷ್ಟು ನೆಚ್ಚಿಕೊಂಡಿದ್ದೇವೆ ಎಂಬುದು ಎಲ್ಲರಿಗೂ ಅರಿವಾಯಿತು. ಜತೆ ಹೋಗುವವರು ಹಿಂದಿನ ದಿನವೇ ಚೀಟಿ, ಸ್ಕ್ಯಾನ್ ವರದಿಗಳನ್ನು ತಾರೀಕಿನ ಕ್ರಮದಲ್ಲಿ ಜೋಡಿಸಿ. ಗುರುತಿನ ಚೀಟಿ, ವಿಮೆಯ ಕಾರ್ಡ್, ಬುತ್ತಿ, ಫೋನಿನ ಚಾರ್ಜರ್ ಇರಲಿ. ವೈದ್ಯರು ಹೇಳಿದ್ದನ್ನು ಬರೆದುಕೊಳ್ಳಿ. ರೋಗಿಗೆ ಆ ಹೊತ್ತಿನಲ್ಲಿ ಏನೂ ಕಿವಿಗೆ ಬೀಳುವುದಿಲ್ಲ. ನೆರೆಕರೆಯವರ ರಕ್ತದ ಗುಂಪಿನ ಪಟ್ಟಿ ಮಾಡಿಟ್ಟುಕೊಳ್ಳಿ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು.

ಭೇಟಿಗೆ ಹೋದಾಗ ಏನು ಮಾತಾಡಬೇಕು? ಕಡಿಮೆ. ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಬಾಯಿ ಬಿಡದೆ ಕುಳಿತರು. ಅಲ್ಲಿಯವರೆಗೆ ಅವರು ಒಳ್ಳೆಯ ಸ್ನೇಹಿತರೇ. ಬಾಯಿ ತೆರೆದು ಕಾರಣ ಹುಡುಕಲು ಹೊರಟ ಮೇಲೆ ಕೆಟ್ಟರು. ‘ದೇವರು ಪರೀಕ್ಷೆ ಮಾಡುತ್ತಿದ್ದಾನೆ’, ‘ಇದೇ ಕಾಯಿಲೆಯಲ್ಲಿ ನಮ್ಮ ಚಿಕ್ಕಪ್ಪ ತೀರಿಕೊಂಡದ್ದು’, ‘ಆ ಮದ್ದು ಬಿಡಿ, ಈ ಕಷಾಯ ಕುಡಿಯಿರಿ’: ಈ ಮೂರನ್ನು ಗೇಟಿನ ಹೊರಗೆ ಬಿಟ್ಟು ಹೋಗಿ. ಹದಿನೈದು ನಿಮಿಷ ಸಾಕು. ಮನೆಯವರು ನಿಮಗಾಗಿ ಚಹಾ ಕಾಯಿಸುವಂತಾದರೆ ನೀವು ಅವರಿಗೆ ಕೆಲಸ ಹೆಚ್ಚಿಸಿದಿರಿ. ಪ್ರಾರ್ಥನೆ ಮಾಡಲೇ ಎಂದು ಕೇಳಿ. ಬೇಡವೆಂದರೆ ಮನೆಗೆ ಬಂದು ಮಾಡಿ.

ಆರನೆಯ ಹೆಜ್ಜೆ: ಕಾಗದಪತ್ರ

ಏಳು ಭಾಷೆಗಳ ಊರೆಂದು ಹೆಮ್ಮೆಪಡುತ್ತೇವೆ. ಮನೆಯಲ್ಲಿ ಕೊಂಕಣಿ ಅಥವಾ ತುಳು, ಓದಿದ್ದು ಕನ್ನಡ. ಕಚೇರಿಯಿಂದ ಬರುವ ನೋಟೀಸು ಮಲಯಾಳದಲ್ಲಿ. ಹಿರಿಯರು ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಡುತ್ತಾರೆ, ದಿನ ಮೀರಿದ ಮೇಲೆ ಪಿಂಚಣಿ ನಿಲ್ಲುತ್ತದೆ. ಮಲಯಾಳ ಓದಬಲ್ಲ ನಮ್ಮ ಮಕ್ಕಳು ತಿಂಗಳಿಗೊಂದು ಶನಿವಾರ ನಾಲ್ಕು ಮನೆ ಸುತ್ತಿ ಕಾಗದ ಓದಿ ಹೇಳಿದರೆ ಅದು ಯಾವ ಉಪವಾಸಕ್ಕೂ ಕಡಿಮೆಯಲ್ಲ.

ಪಿಂಚಣಿಯವರಿಗೆ ಸರಕಾರಿ ಸೇವೆಯ ಅಕ್ಷಯ ಕೇಂದ್ರದಲ್ಲಿ ಮಸ್ಟರಿಂಗ್, ಅಂದರೆ ಬದುಕಿದ್ದಾರೆಂಬ ದೃಢೀಕರಣ, ಆಗಬೇಕು. ಹಾಸಿಗೆ ಹಿಡಿದವರಿಗೆ ಕೇಂದ್ರದವರೇ ಮನೆಗೆ ಬಂದು ಮಾಡುವ ಅನುಕೂಲವಿದೆ, ಆದರೆ ಯಾರಾದರೂ ಹೋಗಿ ತಿಳಿಸಬೇಕು. ಕಾಸರಗೋಡಿನ ಕನ್ನಡ ಅಲ್ಪಸಂಖ್ಯಾತರಿಗೆ ಕನ್ನಡದಲ್ಲಿ ಅರ್ಜಿ ಬರೆಯುವ ಹಕ್ಕನ್ನು ಕಾನೂನೇ ಕೊಟ್ಟಿದೆ. ಅದನ್ನು ಬಳಸಲು ಕಲಿಸಿ. ಆಧಾರ್ ಸಂಖ್ಯೆ, ಒಟಿಪಿ, ಬ್ಯಾಂಕ್ ಪಾಸ್‌ಬುಕ್ ನಿಮ್ಮ ಕೈಗೆ ಬರುತ್ತವೆ. ಕೆಲಸವನ್ನು ಅವರ ಕಣ್ಣೆದುರೇ ಮುಗಿಸಿ, ನಿಮ್ಮ ಮೊಬೈಲಿನಲ್ಲಿರುವ ಪ್ರತಿಯನ್ನು ಅಲ್ಲೇ ಅಳಿಸಿ.

ಏಳನೆಯ ಹೆಜ್ಜೆ: ಹಬ್ಬದ ತಟ್ಟೆ

ಕ್ರಿಸ್ಮಸ್‌ನ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ, ನೆರೆಕರೆಗೆ ಹೋಗುವುದು ನಮ್ಮ ಹಳೆಯ ರೂಢಿ, ಒಳ್ಳೆಯ ರೂಢಿ. ಎರಡು ಎಚ್ಚರ ಸಾಕು. ಮೊಟ್ಟೆ ಹಾಕಿದ ಕೊಕ್ಕಿಸಾಂ, ಕೇಕ್ ಸಸ್ಯಾಹಾರಿಗಳ ಮನೆಗೆ ಹೋಗದಿರಲಿ. ಅವರಿಗೆ ನೆವ್ರಿ, ಚಕ್ಕುಲಿ ಬೇರೆ ಎಣ್ಣೆಯಲ್ಲಿ ಕರಿದು, ಬೇರೆ ಡಬ್ಬಿಯಲ್ಲಿ ಕೊಡಿ, ಕೊಡುವಾಗ ಹೇಳಿಯೂ ಬಿಡಿ. ರಂಜಾನ್ ತಿಂಗಳಲ್ಲಿ ಮುಸ್ಲಿಂ ಮನೆಗೆ ತಿಂಡಿ ಕೊಡುವುದಿದ್ದರೆ ಸಂಜೆ ಕೊಡಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬದ (ಮರಿಯಮ್ಮನವರ ಹುಟ್ಟುಹಬ್ಬದ) ಊಟ ಸಸ್ಯಾಹಾರವೇ ಆದ್ದರಿಂದ ಎಲ್ಲ ನೆರೆಯವರನ್ನೂ ಎಲೆಗೆ ಕರೆಯಲು ಅದಕ್ಕಿಂತ ಒಳ್ಳೆಯ ದಿನವಿಲ್ಲ.

ಲೂಕನ 14ನೆಯ ಅಧ್ಯಾಯದ ಮಾತು ಮಾತ್ರ ಕಠಿಣ: ಔತಣಕ್ಕೆ ಮರಳಿ ಕರೆಯಬಲ್ಲವರನ್ನು ಕರೆಯಬೇಡಿ, ಕರೆಯಲಾಗದವರನ್ನು ಕರೆಯಿರಿ. ಮದುವೆಗೆ ಮುಂಚಿನ ರೋಸ್ ಶಾಸ್ತ್ರಕ್ಕೆ, ಮದುವೆಗೆ ಐನೂರು ಮಂದಿಯನ್ನು ಕರೆಯುವ ಮನೆಯವರು ಮೊದಲನೆಯ ಹೆಜ್ಜೆಯ ಹಾಳೆಯನ್ನು ತೆಗೆದು ನೋಡಲಿ. ಅಲ್ಲಿಯ ಯಾವ ಮನೆಗೆ ಕಾಗದ ಹೋಗಿಲ್ಲ? ಕರೆದ ಮೇಲೆ ಅವರನ್ನು ಎಲ್ಲರ ಜತೆಗೇ ಕೂರಿಸಬೇಕು. ಊಟ ಮುಗಿದ ಮೇಲೆ ಉಳಿದ ಬಿರಿಯಾನಿಯನ್ನು ಕಾಲನಿಗೆ ಕಳುಹಿಸಿ ‘ಹಂಚಿದೆವು’ ಎನ್ನುವುದು ನನಗೆ ಸರಿಕಾಣುವುದಿಲ್ಲ.

ಎಂಟನೆಯ ಹೆಜ್ಜೆ: ಸಾವಿನ ಮನೆ

ಮೊದಲ ದಿನ ಎಲ್ಲರೂ ಇರುತ್ತಾರೆ. ನೀವು ಹನ್ನೊಂದನೆಯ ದಿನ ಹೋಗಿ. ಗಂಜಿ, ಚಟ್ನಿ ತೆಗೆದುಕೊಂಡು ಹೋಗಿ, ಮರಣ ಪ್ರಮಾಣಪತ್ರ, ಬ್ಯಾಂಕ್, ವಿಮೆಯ ಓಡಾಟಕ್ಕೆ ಜತೆಯಾಗಿ. ಪೆಟ್ಟಿಗೆಯ, ಊಟದ ಖರ್ಚಿಗಾಗಿ ಸಾಲ ಮಾಡುವವರನ್ನು ವಾಳೆಯ (ಚರ್ಚಿನ ನೆರೆಕರೆ ಗುಂಪಿನ) ಹಿರಿಯರು ತಡೆಯಬೇಕು. ಇಡೀ ವಾಳೆಯೇ ಸರಳ ಊಟದ ನಿಯಮ ಮಾಡಿಕೊಂಡರೆ ಬಡವರ ಮಾನ ಉಳಿಯುತ್ತದೆ.

ಒಬ್ಬರಿಂದ ಆಗದಿದ್ದಾಗ

ಆರಂಭದ ಸಭೆಯಲ್ಲಿಯೂ ಹಂಚಿಕೆ ಜಗಳಕ್ಕೆ ಕಾರಣವಾಗಿತ್ತು. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಪಾಲು ಸರಿಯಾಗಿ ಸಿಗುತ್ತಿಲ್ಲವೆಂಬ ದೂರು ಬಂದಾಗ ಅಪೊಸ್ತಲರು ಏಳು ಮಂದಿಯನ್ನು ಆ ಕೆಲಸಕ್ಕೆಂದೇ ನೇಮಿಸಿದರು. ಭಾಷೆಯ ಕಾರಣಕ್ಕೆ ಪಾಲು ತಪ್ಪುವುದು ನಮ್ಮ ಗಡಿನಾಡಿಗೆ ಹೊಸತಲ್ಲ, ಹಾಗಾಗಿ ಈ ಕಥೆ ನಮ್ಮದೇ ಊರಿನದ್ದೆನಿಸುತ್ತದೆ. ವಾಳೆಯ ಮುಖಂಡರಾದ ಗುರಿಕಾರರು ಹಂಚುವ ಸಮಿತಿ ಮಾಡುವಾಗ ಮೂಲೆಯ ಮನೆಯವರೊಬ್ಬರನ್ನು, ಹೆಂಗಸರನ್ನು ಸೇರಿಸಿಯೇ ಮಾಡಬೇಕು.

1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಝನಾಂ ಎಂಬ ವಿದ್ಯಾರ್ಥಿ ಗೆಳೆಯರೊಂದಿಗೆ ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಕ್ರಮ ಇಂದಿಗೂ ಅನುಸರಿಸಲು ಯೋಗ್ಯ: ಬಡವರನ್ನು ಕಚೇರಿಗೆ ಕರೆಯುವುದಿಲ್ಲ, ಅವರ ಮನೆಗೇ ಹೋಗಬೇಕು, ಇಬ್ಬರು ಜತೆಯಾಗಿ ಹೋಗಬೇಕು, ಕಂಡದ್ದನ್ನು ಹೊರಗೆ ಹೇಳಬಾರದು. ಹಣದ ವಿಷಯದಲ್ಲಿ ಇಬ್ಬರ ಸಹಿ, ಒಂದು ಲೆಕ್ಕದ ಪುಸ್ತಕ, ಮೂರು ತಿಂಗಳಿಗೊಮ್ಮೆ ತಪಾಸಣೆ. ಲೆಕ್ಕ ಓದುವಾಗ ಪಡೆದವರ ಹೆಸರು ಬೇಡ, ‘ಔಷಧಿಗೆ ಇಷ್ಟು, ಶಾಲೆಗೆ ಇಷ್ಟು’ ಎಂದರೆ ಸಾಕು. ಅಕ್ಕಿಚೀಲ ಕೊಡುವಾಗ ಎಂಟು ಮಂದಿ ಚೀಲ ಹಿಡಿದು ನಿಲ್ಲುವ ಫೋಟೊ, ‘ಎಡಗೈಗೆ ತಿಳಿಯದಂತೆ ಕೊಡಿ’ ಎಂದ ಯೇಸುವಿಗೆ ಮಾಡುವ ಅವಮಾನ. ಹಾಗೆಯೇ, ಅನ್ಯಧರ್ಮದವರ ಮನೆಗೆ ಹೋಗುವ ಚೀಲದಲ್ಲಿ ಕರಪತ್ರ ಇಡಬೇಡಿ. ಕೇಳಿದರೆ ನಿಮ್ಮ ವಿಶ್ವಾಸವನ್ನು ಮುಚ್ಚುಮರೆಯಿಲ್ಲದೆ ಹೇಳಿ. ಕೇಳದವರಿಗೆ ಅಕ್ಕಿ ಅಕ್ಕಿಯಾಗಿಯೇ ತಲುಪಲಿ.

ಇಲ್ಲವೆನ್ನಬೇಕಾದ ಸಂದರ್ಭ

ಕುಡಿತಕ್ಕೆ ಹೋಗುತ್ತದೆಂದು ಖಚಿತವಿದ್ದರೆ ಹಣ ಕೊಡಬೇಡಿ. ಮಕ್ಕಳ ಶುಲ್ಕವನ್ನು ಶಾಲೆಗೇ ಕಟ್ಟಿ, ಔಷಧಿಯನ್ನು ಅಂಗಡಿಯಿಂದಲೇ ಕೊಡಿಸಿ. ಸಾಲ ಕೇಳಿದರೆ, ಹಿಂದಿರುಗದಿದ್ದರೂ ಸ್ನೇಹ ಕೆಡದಷ್ಟು ಮೊತ್ತವನ್ನು ಮಾತ್ರ ಕೊಡಿ. ಇತರರ ಸಾಲಕ್ಕೆ ಜಾಮೀನು ನಿಲ್ಲುವ ವಿಷಯದಲ್ಲಿ ಜ್ಞಾನೋಕ್ತಿಗಳ ಪುಸ್ತಕ ನನಗಿಂತ ಗಡಸು. ಹೆಂಗಸಿಗೆ ಹೊಡೆತ ಬೀಳುವ ಮನೆಯಲ್ಲಿ ‘ಸಹಿಸಿಕೋ, ಪ್ರಾರ್ಥಿಸು’ ಎನ್ನುವುದು ಪ್ರೀತಿಯಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ಮಕ್ಕಳಿಗಾದರೆ 1098. ನಿಮ್ಮ ಸ್ವಂತ ಮನೆಯವರು ‘ಊರಿಗೆಲ್ಲ ಉಪಕಾರಿ, ನಮಗೆ ಮಾತ್ರ ಸಿಡುಕು’ ಎನ್ನಲು ಆರಂಭಿಸಿದ್ದಾರೆಯೇ ಎಂಬುದನ್ನೂ ಕಿವಿಗೊಟ್ಟು ಕೇಳಿ. ಯೇಸು ಕೂಡ ಜನರ ಗುಂಪನ್ನು ಬಿಟ್ಟು ಏಕಾಂತಕ್ಕೆ ಹೋಗುತ್ತಿದ್ದ ಎಂದು ಲೂಕ ಬರೆಯುತ್ತಾನೆ.

ಕೊನೆಯ ಹೆಜ್ಜೆ: ಪಡೆಯಲು ಕಲಿಯಿರಿ

ಕೊಡುವವರಿಗೆ ಇದು ಎಲ್ಲಕ್ಕಿಂತ ಕಷ್ಟ. ಸಮಾರ್ಯದ ಹೆಂಗಸಿನ ಜತೆ ಯೇಸು ಮಾತು ಆರಂಭಿಸಿದ್ದು ಕೊಡುವುದರಿಂದಲ್ಲ, ‘ನನಗೆ ಕುಡಿಯಲು ನೀರು ಕೊಡು’ ಎಂದು ಕೇಳುವುದರಿಂದ. ನೀವು ಸಹಾಯ ಮಾಡುವ ಮನೆಯಿಂದಲೂ ಏನನ್ನಾದರೂ ಕೇಳಿ ಪಡೆಯಿರಿ. ಅಜ್ಜಿಗೆ ಚಾಪೆ ಹೆಣೆಯಲು ಬರುತ್ತದೆಯೇ? ಮಕ್ಕಳಿಗೆ ಕಲಿಸಲು ಹೇಳಿ. ಅಪ್ಪನಿಗೆ ಕಸಿ ಕಟ್ಟಲು ಬರುತ್ತದೆಯೇ? ನಿಮ್ಮ ಮಾವಿನ ಗಿಡಕ್ಕೆ ಕಟ್ಟಲು ಕರೆಯಿರಿ, ಮಜೂರಿ ಕೊಡಿ. ನೀವು ಮಲಗಿದ ದಿನ ಅವರು ಗಂಜಿ ತಂದರೆ ‘ಅಯ್ಯೋ, ಇದೆಲ್ಲ ಯಾಕೆ’ ಎನ್ನದೆ ಎದ್ದು ಕುಳಿತು ಉಣ್ಣಿರಿ. ಅವರ ಹಿತ್ತಿಲಿನ ಅಲಸಂಡೆಯ ಕಟ್ಟನ್ನು ಹಿಡಿದು ಬಂದರೆ ಪರ್ಸ್ ತೆಗೆಯಬೇಡಿ. ಅಂದೇ ಪಲ್ಯ ಮಾಡಿ, ರುಚಿ ಹೇಗಿತ್ತೆಂದು ಮರುದಿನ ಹೇಳಿ, ಬೀಜಕ್ಕೆ ನಾಲ್ಕು ಒಣಕೋಡು ಉಳಿಸಿಕೊಡಲು ಕೇಳಿ.